ಮನೆಗೊಂದು ಓಟು

"ಈ ಗಂಡಸಿಗೆ ಮಗು ಎತ್ತಿಕೊಳ್ಳೋಕೇ ಬರಲ್ವಲ್ಲೇ!" ಎಂದು ಸರಸಮ್ಮ ಬಿದ್ದು ಬಿದ್ದು ನಕ್ಕರು.

ಅವರ ಕೈಯಲ್ಲಿದ್ದದ್ದು ಸೊಸೆ ವೈದೇಹಿ ಮ್ಯಾನ್‌ಹೈಮಿನ ಫ್ಲೋಮಾರ್ಕ್ಟ್ ಸಂತೆಯಲ್ಲಿ ಹಳೇ ಸಾಮಾನಿನ ರಾಶಿಯಿಂದ ಹೆಕ್ಕಿ ತಂದ ಪೋಸ್ಟ್‌ಕಾರ್ಡು, ತೊಂಬತ್ತು ವರ್ಷದಷ್ಟು ಹಳೆಯದು. ಗರಿ ಸಿಕ್ಕಿಸಿದ ಟೋಪಿಯ ಹೆಂಗಸು ಹೊಸಿಲು ದಾಟಿ ಹೊರಟಿದ್ದಾಳೆ. ಏಪ್ರನ್ ಕಟ್ಟಿದ ಗಂಡ ಮಗುವನ್ನು ತಲೆಕೆಳಗಾಗಿ ಹಿಡಿದು ತಾನೂ ಅಳುತ್ತಿದ್ದಾನೆ, ಒಲೆಯ ಮೇಲೆ ಹಾಲು ಉಕ್ಕುತ್ತಿದೆ. ಕೆಳಗಿನ ಜರ್ಮನ್ ಸಾಲನ್ನು ವೈದೇಹಿ ಡಿಕ್ಷನರಿ ಹಿಡಿದು ಬಿಡಿಸಿದ್ದಳು: ಹೆಂಗಸರು ಓಟು ಹಾಕುವ ದಿನ.

"ಗೇಲಿಗೆ ಬರೆದದ್ದು ಅತ್ತೆ. ನಮಗೆ ಓಟು ಕೊಟ್ರೆ ಮನೆ ಹೀಗಾಗತ್ತಂತೆ."

"ನಾನು ಐವತ್ತೇಳನೇ ಇಸವಿಯಿಂದ ಓಟು ಹಾಕ್ತಿದೀನಿ. ಒಂದಿನಾನೂ ಹಾಲು ಉಕ್ಕಿಲ್ಲ."

ವೈದೇಹಿಗೆ ನಗು ಬರಲಿಲ್ಲ. ಕನ್ನಡ ಕೂಟದ ಕಾರ್ಯದರ್ಶಿ ಸ್ಥಾನಕ್ಕೆ ಈ ಸಲ ಅವಳು ನಿಂತಿದ್ದಳು, ಗೆಲ್ಲಲೇಬೇಕೆಂಬ ಆಸೆಯೂ ಇತ್ತು. ಆದರೆ ಕೂಟದಲ್ಲಿ ಮನೆಗೊಂದೇ ಓಟು, ಅದೂ ಸಭೆಯಲ್ಲಿ ಕೂತವರು ಕೈ ಎತ್ತಬೇಕು. ಸಭೆ ನಡೆಯುವುದು ಯುಗಾದಿ ಊಟಕ್ಕೆ ಮುಂಚೆ, ಹೆಂಗಸರೆಲ್ಲ ಕಾದ ಎಣ್ಣೆಯ ಮುಂದೆ ನಿಂತಿರುವಾಗ. ಜರ್ಮನಿಯ ಗ್ರೀನ್ ಕಾರ್ಡ್ ಹಿಡಿದು ವಿಮಾನ ಹತ್ತಿ ಬಂದ ಜಾಣ ಗಂಡಂದಿರಿಗೆ ಇದರಲ್ಲೊಂದು ತಪ್ಪಿದೆ ಎಂದು ಹೊಳೆದೇ ಇರಲಿಲ್ಲ, ಪಾಪ.

"ದಿನಾ ಗ್ಲೆನ್ ಕಾರಲ್ಲೇ ವಾಲ್‌ಡಾರ್ಫ್ ಆಫೀಸಿಗೆ ಹೋಗೋನು ನಾನು. ನಾಲ್ಕು ವರ್ಷದಿಂದ ಅವನೇ ಕಾರ್ಯದರ್ಶಿ, ಈ ಸಲಾನೂ ನಿಂತಿದಾನೆ. ಅವನ ಎದುರಿಗೇ ಹೆಂಗೆ ಕೈ ಎತ್ತಲಿ? ನಿನ್ನ ವಿರುದ್ಧ ಎತ್ತಿದ್ರೆ ಮನೆಗೆ ಹೆಂಗೆ ಬರಲಿ?" ಎಂದ ಗಂಡ ಗೋಪಿನಾಥ. ಅವನದು ಅತ್ತ ದರಿ, ಇತ್ತ ಪುಲಿ.

ಸರಸಮ್ಮ ಕಾರ್ಡನ್ನು ಮತ್ತೊಮ್ಮೆ ನೋಡಿದರು. "ನೀನು ಸಭೇಲಿ ಕೂರಲೇಬೇಡ ಕಣೋ. ಒಳಗೆ ಬಂದು ವಡೆ ಕರಿ."

ಯುಗಾದಿಯ ದಿನ ಗೋಪಿನಾಥ ನಿಜವಾಗಿಯೂ ಏಪ್ರನ್ ಕಟ್ಟಿದ. ಅದನ್ನು ಕಂಡು, ಇಂಥದೇ ಇಕ್ಕಟ್ಟಿನಲ್ಲಿದ್ದ ಇನ್ನೂ ಹತ್ತು ಗಂಡಂದಿರು 'ಸ್ವಲ್ಪ ಹೆಲ್ಪ್ ಮಾಡ್ತೀವಿ' ಎನ್ನುತ್ತ ಮೆಲ್ಲಗೆ ಅಡುಗೆಮನೆಗೆ ಜಾರಿದರು. ಅವರ ಹೆಂಡಂದಿರು ಸೆರಗಿಗೆ ಕೈ ಒರೆಸಿಕೊಂಡು ಬಂದು ಕುರ್ಚಿಗಳಲ್ಲಿ ಕೂತರು.

"ಎಂತ ಇದು, ಗಂಡಸರೆಲ್ಲ ಎಲ್ಲಿಗೆ ಹೋದ್ರು?" ಎಂದ ಮಂಗಳೂರಿನ ಗ್ಲೆನ್, ಪೆನ್ನು ಹಿಡಿದು. ವೈದೇಹಿ ತನಗೆ ತಾನೇ ಕೈ ಎತ್ತಿದಳು. ಸುತ್ತ ಹಿಟ್ಟು ಮೆತ್ತಿದ ಕೈಗಳು ಮೇಲೆದ್ದವು. ಗ್ಲೆನ್ ಹನ್ನೊಂದರವರೆಗೆ ಎಣಿಸಿ, ಹನ್ನೆರಡನೆಯ ಕೈಯ ಹತ್ತಿರ ತಡೆದು ನಿಂತ. ಅದು ಅವನ ಹೆಂಡತಿ ಜೂಲಿಯಾನಾಳದು.

"ನೀವು ಎಣಿಸ್ತಾ ಇದ್ದೀರಲ್ಲ," ಎಂದಳು ಅವಳು. "ಮನೆಯ ಓಟು ನಾನು ಹಾಕಿದೆ."

ಗ್ಲೆನ್‌ಗೆ ಬಿದ್ದದ್ದು ಏಳು. ಅವನು ಛಾವಣಿ ಹಾರುವಂತೆ ನಕ್ಕುಬಿಟ್ಟ. ಅಡುಗೆಮನೆಯ ಕಡೆ ತಿರುಗಿ, "ಗೋಪೀ, ಸೋಮವಾರ ಏಳೂವರೆಗೆ ಬರ್ತೇನೆ ಮಾರಾಯ. ವಡೆ ಹಿಡ್ಕೊಂಡು ಬಾ!" ಎಂದು ಕೂಗಿದ.

ವೈದೇಹಿ ಖುಷಿ ತಡೆಯಲಾರದೆ ಒಳಗೆ ಓಡಿದಳು. ಜಾಲರಿ ಸೌಟನ್ನು ಬೇರೆಯವರ ಕೈಗೆ ಕೊಟ್ಟು ಗೋಪಿನಾಥ ಅತ್ತಲಿನ ಒಲೆಯ ಬಳಿ ನಿಂತಿದ್ದ. ಕಂಕುಳಲ್ಲಿ ಮಗಳು ಧೃತಿ, ತಲೆ ಮೇಲಾಗಿಯೇ ಇತ್ತು. ಪಾತ್ರೆಯಲ್ಲಿ ಪಾಯಸ ಉಕ್ಕಿ ಬರುತ್ತಿತ್ತು. ವೈದೇಹಿ ಕೈ ಚಾಚಿದವಳು ಹಾಗೇ ನಿಂತಳು. ಗೋಪಿನಾಥ ಮಗಳ ಜೊತೆ ಮಾತಾಡುತ್ತಲೇ ಉರಿ ತಗ್ಗಿಸಿದ.