ಪುಕಾಲ್ಪಾಕ್ಕೆ ಹೋದ ಕ್ಯಾಮೆರಾ

ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ ನನ್ನ ಕ್ಯಾಮೆರಾ ಕಾಡುಸೀಮೆಯ ನದಿಯೂರು ಪುಕಾಲ್ಪಾ ತಲುಪಿತು. ಹನ್ನೊಂದೂ ಕಾಲಿಗೆ ಅದನ್ನು ಕೊಳ್ಳಲು ಒಪ್ಪಿದ್ದ ಅಬ್ನೆರ್‌ನ ಸಂದೇಶ ಬಂತು.

"ದುಡ್ಡು ಹಾಕಿದೀನಿ ಸಹೋದರಿ. ಕೀಲಿ ನಂಬರ್ ಹೇಳಿ, ಕೌಂಟರ್ ಮುಂದೇನೇ ನಿಂತಿದೀನಿ. ದೇವರು ನಿಮ್ಮನ್ನ ಆಶೀರ್ವದಿಸಲಿ."

ಕೆಳಗೆ ರಸೀದಿಯ ಚಿತ್ರವಿತ್ತು. ಮೂರು ಸಾವಿರದ ಎಂಟುನೂರು ಸೋಲ್. ಎಲ್ವಾ ಚೋಕೆವಾಂಕಾ ಎಂದು ನನ್ನ ಪೂರ್ತಿ ಹೆಸರು. ನನ್ನ ಖಾತೆ ತೆರೆದು ನೋಡಿದೆ. ನಲವತ್ತೊಂದು ಸೋಲ್ ಇತ್ತು. ನಿನ್ನೆಯೂ ಅಷ್ಟೇ ಇತ್ತು.

ನಮ್ಮ ಬೆಟ್ಟದೂರು ಸಿಕುವಾನಿಯಿಂದ ದೂರದ ಊರಿಗೆ ಏನನ್ನಾದರೂ ಮಾರುವುದು ಹೀಗೆ. ಪಾರ್ಸೆಲ್ ಕಚೇರಿಯಲ್ಲಿ ಪೆಟ್ಟಿಗೆ ಕೊಡುವಾಗ ನಾಲ್ಕು ಅಂಕಿಯ ಕೀಲಿ ಸಂಖ್ಯೆ ಇಡುತ್ತೇವೆ. ಪೆಟ್ಟಿಗೆ ಆ ಊರು ಮುಟ್ಟಿದ ಮೇಲೆ ಕೊಳ್ಳುವವನು ದುಡ್ಡು ಹಾಕುತ್ತಾನೆ. ಆಮೇಲೆ ನಾವು ಸಂಖ್ಯೆ ಹೇಳುತ್ತೇವೆ, ಅವನು ಬಿಡಿಸಿಕೊಳ್ಳುತ್ತಾನೆ. ಒಬ್ಬರಿಗೊಬ್ಬರು ಗೊತ್ತಿಲ್ಲವಲ್ಲ, ಹಾಗಾಗಿ ನಂಬಿಕೆಗೆಂದು ಮೊದಲೇ ಗುರುತಿನ ಚೀಟಿಯ ಚಿತ್ರ ಕಳಿಸಿಕೊಳ್ಳುವುದು ರೂಢಿ. ಅಬ್ನೆರ್ ತನ್ನದನ್ನು ಕಳಿಸಿದ್ದ, ನಾನು ನನ್ನದನ್ನು. ಮುಂಬದಿಯಲ್ಲಿ ಮುಖ, ಹಿಂಬದಿಯಲ್ಲಿ ಮನೆಯ ವಿಳಾಸ.

ಆ ಕ್ಯಾಮೆರಾದಲ್ಲಿ ನಾಲ್ಕು ವರ್ಷ ಮದುವೆಗಳ ಫೋಟೋ ತೆಗೆದಿದ್ದೆ. ಈಗ ಕುಸ್ಕೋದ ನರ್ಸಿಂಗ್ ಶಾಲೆಯಲ್ಲಿ ಸೀಟು ಸಿಕ್ಕಿತ್ತು. ತಿಂಗಳ ಕೊನೆಯೊಳಗೆ ಶುಲ್ಕ ಕಟ್ಟಬೇಕು. ಮನೆಯಲ್ಲಿ ಮಾರುವಂಥ ವಸ್ತು ಅದೊಂದೇ.

"ನನ್ನ ಖಾತೆಗೆ ಬಂದಿಲ್ಲ ಸಹೋದರ," ಎಂದು ಬರೆದೆ.

ಅವನು ಕರೆ ಮಾಡಿದ. "ಬೇರೆ ಬ್ಯಾಂಕಲ್ವಾ ಸಹೋದರಿ, ಸ್ವಲ್ಪ ಹೊತ್ತು ಹಿಡಿಯುತ್ತೆ. ರಸೀದಿ ನೋಡಿದ್ರಲ್ಲ."

"ಬಂದ ತಕ್ಷಣ ಹೇಳ್ತೀನಿ."

"ನನ್ನ ದೋಣಿ ಹನ್ನೆರಡಕ್ಕೆ ಹೊರಡುತ್ತೆ. ದೇವರ ಮಕ್ಕಳೇ ಹಿಂಗೆ ಅನುಮಾನ ಪಟ್ರೆ ಹೆಂಗೆ?"

ನನ್ನ ಬಾಯಿಗೆ ಮೊದಲೆರಡು ಅಂಕಿ ಬಂದೇಬಿಟ್ಟಿದ್ದವು. ಅಷ್ಟರಲ್ಲಿ ಅವನ ಹಿಂದೆ ಇನ್ನೊಬ್ಬನ ದನಿ ಕೇಳಿತು: "ಏನಂತೆ ಆ ಬೆಟ್ಟದ ಹುಡುಗಿ? ಕೊಟ್ಳಾ?" ನಾನು ಕರೆ ಕತ್ತರಿಸಿದೆ.

ಹತ್ತು ನಿಮಿಷದಲ್ಲಿ ಇನ್ನೊಂದು ಚಿತ್ರ ಬಂತು. ನಮ್ಮ ಮನೆ. ಎದುರಿನಿಂದ ತೆಗೆದದ್ದು. ನಮ್ಮ ಬಾಗಿಲು, ನಮ್ಮ ಕಿಟಕಿ, ಪಕ್ಕದವರ ಒಣಹುಲ್ಲಿನ ಬಣವೆ. ಜೊತೆಗೆ ಧ್ವನಿ ಸಂದೇಶ. ಈಗ ಅವನು ಸಹೋದರಿ ಅನ್ನಲಿಲ್ಲ.

"ಎಲ್ವಾ, ನಮ್ಮೋರು ನಿನ್ ಮನೆ ಮುಂದೇನೇ ಇದಾರೆ. ನಾಲ್ಕು ನಂಬರ್ ಹೇಳೋಕೆ ಎಷ್ಟು ಹೊತ್ತು ಬೇಕು? ನಿಮ್ಮಮ್ಮ ಎಷ್ಟೊತ್ತಿಗೆ ಮನೆಗೆ ಬರ್ತಾಳೆ?"

ಕಿಟಕಿಯ ಪರದೆ ಸರಿಸಲು ಧೈರ್ಯವಾಗಲಿಲ್ಲ. ನೆಲದ ಮೇಲೆ, ಹೊರಗಿನವರಿಗೆ ಕಾಣದಂತೆ, ಗೋಡೆಗೊರಗಿ ಕುಳಿತೆ. ಬೀದಿಯಲ್ಲಿ ಮೋಟಾರ್‌ಬೈಕೊಂದು ನಿಂತು, ಮತ್ತೆ ಹೊರಟಿತು. ನಂಬರ್ ಕೊಟ್ಟುಬಿಡೋಣ, ಕ್ಯಾಮೆರಾ ಹಾಳಾಗಿ ಹೋಗಲಿ ಅನ್ನಿಸಿತು. ಮೊಬೈಲ್‌ನಲ್ಲಿ ಬರೆದೂ ಬಿಟ್ಟಿದ್ದೆ, ಕಳಿಸುವುದಷ್ಟೇ ಬಾಕಿ.

ಬಾಗಿಲು ಬಡಿದ ಸದ್ದಾಯಿತು.

"ಎಲ್ವಾ! ಒಳಗಿನಿಂದ ಯಾಕೆ ಚಿಲಕ ಹಾಕ್ಕೊಂಡಿದೀಯೇ? ಪಾತ್ರೆ ಕೈ ಸುಡ್ತಿದೆ!"

ಅಮ್ಮ. ಸಂತೆಯಲ್ಲಿ ಕುರಿತಲೆ ಸಾರು ಮಾರುವ ಸೆನೋವಿಯಾ. ಒಳಗೆಳೆದು ಮತ್ತೆ ಚಿಲಕ ಹಾಕಿದೆ. ಎಲ್ಲ ಹೇಳಿದೆ. ಅವಳು ಮೊಬೈಲ್ ಕಿತ್ತುಕೊಂಡು ಕಣ್ಣಿಗೆ ಹತ್ತಿರ ಹಿಡಿದಳು.

"ಇದ್ಯಾವ ಕಾಲದ್ದೇ? ಬಾಗಿಲು ನೀಲಿ ಇದೆ."

ನಾನು ನೋಡಿದೆ. ಹೌದು, ನೀಲಿ. ಎರಡು ವರ್ಷದ ಹಿಂದೆಯೇ ಅದಕ್ಕೆ ಕಂದು ಬಣ್ಣ ಬಳಿದಿದ್ದೆವು. ಬೀದಿಗಳನ್ನು ತೋರಿಸುವ ಇಂಟರ್‌ನೆಟ್ ನಕ್ಷೆಯಲ್ಲಿ ವಿಳಾಸ ಹಾಕಿ ಹಳೆಯ ಚಿತ್ರ ಎತ್ತಿದ್ದರು. ಹೊರಗೆ ಯಾರೂ ಇರಲಿಲ್ಲ. ಆದರೂ ಚಿಲಕ ತೆಗೆಯಲು ನನ್ನಿಂದಾಗಲಿಲ್ಲ.

"ಮುಖ ತೊಳ್ಕೋ," ಅಂದಳು ಅಮ್ಮ. "ಪೆಟ್ಟಿಗೆ ವಾಪಸ್ ತರಿಸು. ಅತ್ರೆ ಬರಲ್ಲ ಅದು."

ಪಾರ್ಸೆಲ್ ಕಚೇರಿಯ ವಿಲ್ಬೆರ್ ನನ್ನ ಕಥೆ ಕೇಳಿ ಆಶ್ಚರ್ಯವನ್ನೇ ಪಡಲಿಲ್ಲ.

"ಚೀಟಿ ಎರಡೂ ಕಡೆ ಕಳಿಸಿದ್ರಾ? ಬೆರಳಚ್ಚೂ ಒತ್ತಿ ಕಳಿಸಿದ್ರೆ ಅವರಿಗೆ ಇನ್ನೂ ಅನುಕೂಲ ಆಗ್ತಿತ್ತು."

"ಎಲ್ಲರೂ ಕಳಿಸ್ತಾರೆ."

"ಅದಕ್ಕೇ ಎಲ್ಲರೂ ಇಲ್ಲಿಗೇ ಬಂದು ಅಳೋದು ಮೇಡಂ." ವಾಪಸಾತಿಯ ಅರ್ಜಿಗೆ ಮುದ್ರೆ ಒತ್ತಿದ. "ಎಂಟು ದಿನ. ನಂಬರ್ ಮಾತ್ರ ಯಾರಿಗೂ ಹೇಳ್ಬೇಡಿ. ನಾನೇ ಕೇಳಿದ್ರೂ ಹೇಳ್ಬೇಡಿ."

ಪೊಲೀಸರಿಗೂ ಹೇಳೋಣವೆಂದರೆ ಅಮ್ಮ ಬೇಡವೆಂದಳು. ಏನೂ ಹೋಗಿಲ್ಲವಲ್ಲ, ಏನಂತ ಬರೆಸ್ತೀಯ ಅಂದಳು. ನಾನೂ ಠಾಣೆಗೆ ಹೋಗಲಿಲ್ಲ.

ಆ ಎಂಟು ದಿನ ಅಮ್ಮ ಕುರಿತಲೆ ಸೀಳುವ ಮಚ್ಚನ್ನು ಸಂತೆಯಲ್ಲಿ ಬಿಡದೆ ಮನೆಗೆ ತಂದಳು. ನಾನು ಅಂಗಡಿಗೆ ಹೋಗಲು ಸುತ್ತುದಾರಿ ಹಿಡಿದೆ. ಬೈಕಿನ ಮೇಲೆ ಇಬ್ಬರನ್ನು ಕಂಡರೆ ಸಾಕು, ಯಾರದಾದರೂ ಅಂಗಳಕ್ಕೆ ನುಗ್ಗುತ್ತಿದ್ದೆ. ಅಬ್ನೆರ್ ಮೂರು ದಿನ ಬೈದ. ಆಮೇಲೆ ಸುಮ್ಮನಾದ. ಅವನು ಬೈಯುತ್ತಿದ್ದಾಗಲೇ ವಾಸಿಯಿತ್ತು.

ಮುಂದಿನ ಬುಧವಾರ ಪೆಟ್ಟಿಗೆ ಬಂತು. ಟೇಪು ಹರಿದಿರಲಿಲ್ಲ. ಮೇಜಿನ ಮೇಲಿಟ್ಟು ಬಿಚ್ಚಿದೆ, ಕ್ಯಾಮೆರಾ, ಎರಡು ಲೆನ್ಸ್, ಎಲ್ಲ ಇದ್ದವು. ಅಮ್ಮನಿಗೆ ನಗು ಬಂತು. ಎಂಟು ದಿನದಲ್ಲಿ ಮೊದಲ ಸಲ.

ನಾಲ್ಕು ಗಂಟೆಗೆ ಬಾಗಿಲು ತಟ್ಟಿದರು. ಮೆಲ್ಲಗೆ, ನೆಂಟರ ಹಾಗೆ. ಗಂಡ ಹೆಂಡತಿ ಇಬ್ಬರು, ಬಸ್ಸಿನ ಧೂಳು ಮೈಮೇಲೆ. ಹೆಂಡತಿಯ ಕೈಯಲ್ಲಿ ಒಂದು ಹಾಳೆ. ಅವಳು ಹಾಳೆ ನೋಡಿದಳು, ನನ್ನ ಮುಖ ನೋಡಿದಳು.

"ಇವಳೇ," ಅಂದಳು.

ಹಾಳೆಯಲ್ಲಿ ನನ್ನ ಗುರುತಿನ ಚೀಟಿ ಅಚ್ಚಾಗಿತ್ತು. ಅವರು ಅಬಾಂಕಾಯ್‌ನವರು. ಮಗಳ ಓದಿಗೆ ಲ್ಯಾಪ್‌ಟಾಪ್ ಕೊಳ್ಳಲು ಎಲ್ವಾ ಚೋಕೆವಾಂಕಾ ಎಂಬವಳಿಗೆ ಎರಡು ಸಾವಿರ ಸೋಲ್ ಹಾಕಿದ್ದರು. ಲ್ಯಾಪ್‌ಟಾಪ್ ಬಂದಿರಲಿಲ್ಲ.

"ನಾನಲ್ಲ ಅಣ್ಣ," ಅಂದೆ. "ನನ್ನ ಚೀಟಿ ಕದ್ದಿದಾರೆ. ನನಗೂ ಮೋಸ ಮಾಡೋಕೆ ನೋಡಿದ್ರು."

"ಹೌದಾ?" ಅವನು ನನ್ನ ಹೆಗಲ ಮೇಲಿಂದ ಮೇಜಿನತ್ತ ನೋಡಿದ. "ಮತ್ತೆ ಅದೇನು? ಅದ್ಯಾರ ದುಡ್ಡಲ್ಲಿ ಬಂತು?"

ನಾನು ಮೊಬೈಲ್ ತೆಗೆದು ಅಬ್ನೆರ್‌ನ ಚೀಟಿ ತೋರಿಸಿದೆ. ಐವತ್ತು ದಾಟಿದ, ಸಂಕೋಚದ ಮುಖದ ಮನುಷ್ಯ, ಚಿಂಚಾ ಎಂಬ ಊರಿನ ವಿಳಾಸ. ತೋರಿಸುವಾಗಲೇ ನನಗೆ ಹೊಳೆದದ್ದು, ಇವನು ಆ ಮೋಸಗಾರನಲ್ಲ, ನನ್ನ ಹಾಗೇ ಎಲ್ಲೋ ಏನೋ ಮಾರಲು ಹೋಗಿ ಚೀಟಿ ಕಳಿಸಿದವನು. ಇವನ ಬಾಗಿಲನ್ನೂ ಯಾರೋ ತಟ್ಟಿರಬೇಕು.

"ಯಾವನ ಮುಖನೋ ತೋರಿಸ್ತಾಳೆ," ಅಂದಳು ಹೆಂಡತಿ. "ಕ್ಯಾಮೆರಾ ಕೊಡು. ಹೋಗ್ತೀವಿ. ಪೊಲೀಸ್ ಗಿಲೀಸ್ ಏನೂ ಬೇಡ."

ಗಂಡ ಒಳಗೆ ಕಾಲಿಟ್ಟ. ಅಮ್ಮನ ಕೈ ಮಚ್ಚಿನ ಕಡೆ ಹೋಯಿತು. ಅವನ ಕಣ್ಣು ಅದನ್ನು ಕಂಡಿತು. ಅವನಿಗೂ ಹೆದರಿಕೆಯೇ. ಆದರೆ ಹಿಂದೆ ಸರಿಯಲಿಲ್ಲ. ಎರಡು ಸಾವಿರ ಕಳೆದುಕೊಂಡು ಒಂದು ಹಗಲು ಬಸ್ಸಲ್ಲಿ ಬಂದವನು ಸರಿಯುವುದಿಲ್ಲ.

"ಅಮ್ಮ, ಬೇಡ," ಅಂದೆ. "ಠಾಣೆಗೆ ಹೋಗೋಣ ಅಣ್ಣ. ಬೀದಿ ಕೊನೆಗೇ ಇದೆ. ನಿಮ್ಮ ಹಾಳೆ ತನ್ನಿ, ನನ್ನ ಹತ್ರ ಪಾರ್ಸೆಲ್ ಕಾಗದ ಇದೆ."

"ಓಡಿ ಹೋಗ್ತೀಯ."

"ಹಿಡ್ಕೊಳ್ಳಿ ಹಾಗಾದ್ರೆ."

ಅವನು ನಿಜವಾಗಿಯೂ ಹಿಡಿದುಕೊಂಡ. ಸ್ವೆಟರಿನ ತೋಳನ್ನು, ಮೊಣಕೈ ಹತ್ತಿರ. ಪೆಟ್ಟಿಗೆಯನ್ನು ಮನೆಯಲ್ಲಿ ಬಿಡಲು ಧೈರ್ಯವಾಗದೆ ಎದೆಗವಚಿಕೊಂಡು ಹೊರಟೆ. ಬೀದಿಯಲ್ಲಿ ಎಲ್ಲರೂ ನೋಡುತ್ತಿದ್ದರು. ಹಿಂದಿನಿಂದ ಹೆಂಡತಿ ಹಾಳೆ ಎತ್ತಿ ಹಿಡಿದು, ಎದುರು ಸಿಕ್ಕವರಿಗೆಲ್ಲ ನನ್ನ ಹೆಸರು ಓದಿ ಹೇಳುತ್ತ ಬಂದಳು.