ಹಿಂದಿನ ಸಾಲಿನ ಷೇರುದಾರರು

ಪೆಲ್ಹಾಮ್ ಫುಡ್ಸ್ ಕಂಪನಿಯ ವಾರ್ಷಿಕ ಸಭೆಗೆ ನೀನು ಹೋಗುವುದು ಊಟಕ್ಕೇ ಅಲ್ಲವೇ ಎಂದು ಯಾರಾದರೂ ಕೇಳಿದರೆ ಐಸಿಲ್ಡಾ ಪಿನ್ನಾಕ್ ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ. ಅವಳ ಗಂಡ ಆ ಕಂಪನಿಯ ಲಾರಿ ಓಡಿಸುತ್ತಿದ್ದವನು. ಸಾಯುವ ಮುಂಚೆ ಒಂದಷ್ಟು ಷೇರು ಅವಳ ಹೆಸರಿಗೆ ಮಾಡಿಟ್ಟಿದ್ದ. ವರ್ಷಕ್ಕೊಮ್ಮೆ ಸ್ಪ್ಯಾನಿಷ್ ಟೌನಿನಿಂದ ಬಸ್ಸು ಹಿಡಿದು ರಾಜಧಾನಿ ಕಿಂಗ್‌ಸ್ಟನ್ನಿನ ದೊಡ್ಡ ಹೋಟೆಲಿಗೆ ಹೋಗುವುದು, ತನ್ನಂಥ ಮುದುಕ ಮುದುಕಿಯರ ಜೊತೆ ಹಿಂದಿನ ಸಾಲಿನಲ್ಲಿ ಕೂರುವುದು, ಅಧ್ಯಕ್ಷರು ಕೇಳಿದಾಗಲೆಲ್ಲ ಕೈ ಎತ್ತುವುದು. ಆಮೇಲೆ ಮೇಕೆ ಮಾಂಸದ ಸಾರು, ಅನ್ನ, ಮನೆಗೊಂದು ಬಿಸ್ಕತ್ತಿನ ಚೀಲ.

ಆ ವರ್ಷ ಜನವರಿಯಲ್ಲಿ ಕಂಪನಿಯ ಬಿಸ್ಕತ್ತು ಕಾರ್ಖಾನೆಗೆ ಬೆಂಕಿ ಬಿತ್ತು. ಪ್ಯಾಕಿಂಗ್ ಕೋಣೆಯಲ್ಲಿದ್ದ ಮೂವರು ಹೆಣ್ಣುಮಕ್ಕಳು ಸುಟ್ಟಗಾಯದಿಂದ ಆಸ್ಪತ್ರೆಯಲ್ಲಿ ಸತ್ತರು. ಬಿಸ್ಕತ್ತು ಕದಿಯುತ್ತಾರೆಂದು ಹಿಂಬಾಗಿಲಿಗೆ ಸರಪಳಿ ಹಾಕಿ ಬೀಗ ಜಡಿದಿದ್ದರಂತೆ. ತಿಂಗಳುಗಳು ಕಳೆದರೂ ಕಂಪನಿಯ ಉಳಿದ ಕಾರ್ಖಾನೆಗಳ ಬೀಗ ತೆಗೆದಿರಲಿಲ್ಲ.

ಸತ್ತವರಲ್ಲಿ ಒಬ್ಬಳು ಶರ್ನೆಟ್. ಅವಳ ತಾಯಿ ವರ್ನಾ ಐಸಿಲ್ಡಾಳ ಜೊತೆ ಚರ್ಚಿನಲ್ಲಿ ಹಾಡುವವಳು. ಬೀಗ ಹಾಕಿಸಿದ್ದು ಯಾರೆಂದು ಕೇಳಲು ಕಂಪನಿಯ ಕಚೇರಿಗೆ ಅಲೆದು ಅಲೆದು ಗೇಟಿನಿಂದಲೇ ಹಿಂದೆ ಬಂದಿದ್ದಳು.

“ಷೇರು ಇದ್ದೋರ್ನ ಸಭೇಲಿ ಯಾರೂ ತಡೆಯೋ ಹಾಗಿಲ್ಲ ಕಣೆ,” ಅಂದಳು ಐಸಿಲ್ಡಾ. “ನನ್ನದ್ರಲ್ಲಿ ಒಂದಿಷ್ಟು ನಿನ್ನ ಹೆಸರಿಗೆ ಮಾಡಿಸ್ತೀನಿ. ಬಾ, ಆ ಅಧ್ಯಕ್ಷನ ಮುಖ ನೋಡ್ಕೊಂಡೇ ಕೇಳು.”

“ನಂಗೆ ಮಾತಾಡಕ್ಕೆ ಬರಲ್ಲ, ಐಸಿ.”

“ಪಾದ್ರಿ ರಾಗ ತಪ್ಪಿದ್ರೆ ಅವ್ರನ್ನೇ ನಿಲ್ಲಿಸ್ತೀಯ. ಮಾತಾಡಕ್ಕೆ ಬರಲ್ವಂತೆ.”

ಅಧ್ಯಕ್ಷ ಲಾಸೆಲ್ಸ್ ಹಾಟನ್ ಮರು ಆಯ್ಕೆ ಬಯಸಿದ್ದ. ಅವನನ್ನು ಇಳಿಸದೆ ಬೀಗ ತೆಗೆಯುವುದಿಲ್ಲ ಎಂಬುದು ಐಸಿಲ್ಡಾಳಿಗೆ ಖಚಿತವಾಗಿತ್ತು. ಹಿಂದಿನ ಸಾಲಿನವರ ಮನೆಗಳನ್ನು ಹುಡುಕಿಕೊಂಡು ಹೊರಟಳು. ಕೆಲವರು ಒಪ್ಪಿದರು, ಕೆಲವರು ಕಾಫಿ ಕೊಟ್ಟು ಮಾತು ಬದಲಿಸಿದರು.

“ಮುಂದಿನ ವರ್ಷದಿಂದ ಊಟಾನೇ ನಿಲ್ಲಿಸಿಬಿಟ್ರೆ?” ಎಂದು ಮುದುಕ ಎಗ್‌ಬರ್ಟ್ ಕೇಳಿದ.

“ನಮ್ಮನೇಗ್ ಬಾ, ನಾನ್ ಬಡಿಸ್ತೀನಿ. ಕೈ ಮಾತ್ರ ನಾನ್ ಹೇಳ್ದಾಗ ಎತ್ತು.”

ಕೊನೆಗೆ ದಾದಿಯರ ಪಿಂಚಣಿ ನಿಧಿಯ ಲೊರೇನ್ ಫೇಸಿ ಬಳಿಗೂ ಹೋದಳು. ಆ ನಿಧಿಯ ಕೈಯಲ್ಲಿ ಕಂಪನಿಯ ದೊಡ್ಡ ಪಾಲಿತ್ತು, ಅದರ ಪರವಾಗಿ ಮತ ಹಾಕುವವಳು ಫೇಸಿ.

“ನಮ್ಮ ಮಂಡಳಿ ಅಧ್ಯಕ್ಷರ ಪರ ಅಂತ ಆಗ್ಲೇ ತೀರ್ಮಾನ ಮಾಡಿದೆ, ಮಿಸ್ ಐಸಿ. ನಾನು ಅವ್ರು ಹೇಳಿದ್ದನ್ನ ಮಾಡೋಳು.”

“ಆ ಸುಟ್ಟ ಹುಡುಗೀರ್ನ ಆಸ್ಪತ್ರೇಲಿ ಎತ್ತಿ ಮಲಗಿಸಿದೋರು ನಿಮ್ಮ ದಾದಿಯರೇ ತಾನೆ? ಅವ್ರನ್ನ ಯಾರಾದ್ರೂ ಕೇಳಿದ್ರಾ?”

ಫೇಸಿ ಬಾಗಿಲವರೆಗೂ ಬಂದು ಬೀಳ್ಕೊಟ್ಟಳು, ಅಷ್ಟೇ.

ಸಭೆಯ ದಿನ ಹಾಟನ್ ಎಂದಿನಂತೆ ನಗುತ್ತ ಹೇಳಿದ: “ಹಿಂದಿನ ಸಾಲಿನ ಸ್ನೇಹಿತರಿಗೆ ಊಟ ತಣ್ಣಗಾಗೋದು ಬೇಡ. ಬೇಗ ಕೈ ಎತ್ತಿ ಮುಗಿಸೋಣ.”

ವರ್ನಾ ಎದ್ದು ನಿಂತಳು. ಮುಂದಿನ ಕುರ್ಚಿಯ ಬೆನ್ನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು.

“ನಾನು ಶರ್ನೆಟ್ ತಾಯಿ. ಬಾಗಿಲಿಗೆ ಬೀಗ ಹಾಕ್ಸಿದ್ದು ಯಾರು ಸ್ವಾಮಿ?”

“ನಿಮ್ಮ ದುಃಖ ನಮ್ಮದೂ ಹೌದಮ್ಮ. ಆದ್ರೆ ಇದು ಅದಕ್ಕೆ ಸಮಯ ಅಲ್ಲ.”

“ಯಾವಾಗ ಸಮಯ ಹೇಳಿ. ಅಲ್ಲೀತನಕ ನಾನು ನಿಂತೇ ಇರ್ತೀನಿ.”

ಅವಳು ಕೂರಲಿಲ್ಲ. ಹಾಟನ್ ತನ್ನ ಮರು ಆಯ್ಕೆಗೆ ಮತ ಕೇಳಿದ. ಪರವಾಗಿ ಮುಂದಿನ ಸಾಲುಗಳು ಕೈ ಎತ್ತಿದವು. ವಿರೋಧ ಎಂದಾಗ ಐಸಿಲ್ಡಾ ಕೈ ಎತ್ತಿದಳು, ಪಕ್ಕದಲ್ಲಿ ಎಗ್‌ಬರ್ಟ್, ಆಮೇಲೆ ಕಾಫಿ ಕೊಟ್ಟು ಮಾತು ಬದಲಿಸಿದವರೂ. ಹಿಂದಿನ ಅರ್ಧ ಸಭಾಂಗಣವೇ ಕೈಯಾಗಿತ್ತು, ಮುಂದಿನ ಸಾಲುಗಳಿಗಿಂತ ಹೆಚ್ಚು.

ಹಾಟನ್ ಪಕ್ಕದ ವಕೀಲನ ಕಿವಿಯಲ್ಲಿ ಏನೋ ಹೇಳಿದ. ತಲೆಗೊಂದು ಮತ ಬೇಡ, ಷೇರಿನ ಲೆಕ್ಕದಲ್ಲೇ ಮತ ಹಾಕೋಣ ಎಂದು ಘೋಷಿಸಿದ. ಅದಕ್ಕೆ ನಿಯಮದ ಬಲವಿತ್ತು, ಅವನ ಮನೆಯವರ ಬಳಿ ಹತ್ತಿರ ಹತ್ತಿರ ಅರ್ಧ ಷೇರುಗಳಿದ್ದವು. ಐಸಿಲ್ಡಾಳಿಗೆ ಇಷ್ಟು ಮನೆ ಅಲೆದದ್ದು ನೀರಲ್ಲಿ ಹೋಮವಾಯಿತೇ ಎನ್ನಿಸಿತು. ಫೇಸಿಯ ಕುರ್ಚಿಯತ್ತ ನೋಡಿದಳು. ಕುರ್ಚಿ ಖಾಲಿ.

ಮತಚೀಟಿ ಹಂಚುತ್ತಿರುವಾಗ ಫೇಸಿ ಹೊರಗಿನಿಂದ ಬಂದಳು, ಕೈಯಲ್ಲಿ ಫೋನು ಹಾಗೇ ಇತ್ತು. ಯಾರ ಮುಖವನ್ನೂ ನೋಡದೆ ಚೀಟಿ ತುಂಬಿ ಪೆಟ್ಟಿಗೆಗೆ ಹಾಕಿದಳು. ವಾಪಸು ಬರುವಾಗ ವರ್ನಾಳ ಹತ್ತಿರ ನಿಂತು, “ಕೂತ್ಕೊಳ್ಳಿ ಅಮ್ಮ. ನಿಮ್ಮ ಮಗಳ ಹತ್ರ ಇದ್ದ ದಾದಿ ಜೊತೆ ನಮ್ಮ ಮಂಡಳಿಯೋರು ಮಾತಾಡಿದ್ರು,” ಎಂದಳು.

ಎಣಿಕೆಯ ಹೊತ್ತಿಗೆ ಊಟ ಬಡಿಸಿದರು. ಹಿಂದಿನ ಸಾಲಿನಿಂದ ಒಬ್ಬರೂ ಏಳಲಿಲ್ಲ.

ದಾದಿಯರ ನಿಧಿಯ ಮತ ವಿರೋಧಕ್ಕೆ ಬಿದ್ದಿತ್ತು; ಹಾಟನ್ ಸೋತ. ಫಲಿತಾಂಶ ಓದಿದ ವಕೀಲನ ದನಿ ಎಷ್ಟು ಸಣ್ಣದಾಗಿತ್ತೆಂದರೆ ಮತ್ತೊಮ್ಮೆ ಓದಿ ಎಂದು ಎಗ್‌ಬರ್ಟ್ ಕೂಗಬೇಕಾಯಿತು. ಐಸಿಲ್ಡಾಳಿಗೆ ಕುಣಿಯಬೇಕೆನ್ನಿಸಲಿಲ್ಲ, ವರ್ನಾಳ ಕಡೆ ತಿರುಗಿದಳು. ವರ್ನಾ ಮುಖ ಮುಚ್ಚಿಕೊಂಡು ಅತ್ತಳು, ಬೆಂಕಿ ಬಿದ್ದಮೇಲೆ ಮೊದಲ ಸಲ ಹತ್ತು ಜನರ ನಡುವೆ.

ಹಾಟನ್ ಜಾಗಕ್ಕೆ ಬಂದ ಹೊಸ ಅಧ್ಯಕ್ಷೆ ಮೊದಲು ಮಾಡಿದ ಕೆಲಸವೆಂದರೆ ಎಲ್ಲ ಕಾರ್ಖಾನೆಗಳ ಸರಪಳಿ ಕತ್ತರಿಸಿದ್ದು. ಬೀಗ ಹಾಕಿದ್ದು ಯಾರ ಅಪ್ಪಣೆಯಿಂದ ಎಂಬುದು ಮಾತ್ರ ಇನ್ನೂ ಹೊರಬಿದ್ದಿರಲಿಲ್ಲ. ಕಂಪನಿ ಬಾಯಿ ಬಿಡತೊಡಗಿದ ಮೇಲೆ ಪೊಲೀಸರು ಹೇಳಿಕೆ ಪಡೆಯಲು ಒಬ್ಬೊಬ್ಬರನ್ನೇ ಕರೆಸಿದರು. ವರ್ನಾಳ ಸರದಿ ಬಂದ ದಿನ ಐಸಿಲ್ಡಾ ಜೊತೆಗೆ ಹೋದಳು.

“ಒಳಗೆ ಬರ್ತೀಯಾ?” ಎಂದಳು ವರ್ನಾ.

“ಬೇಡ ಕಣೆ. ಈಗ ನೀನೊಬ್ಳೇ ಸಾಕು.”

ವರ್ನಾ ಟೋಪಿ ಸರಿಮಾಡಿಕೊಂಡು ಠಾಣೆಯೊಳಗೆ ಹೋದಳು. ಐಸಿಲ್ಡಾ ಹೊರಗಿನ ಬೆಂಚಿನ ಮೇಲೆ ಕೂತು ಕಾದಳು.