ಸುಬ್ಬಮ್ಮನ ಕೈಯಳತೆ

ಚನ್ನರಾಯಪಟ್ಟಣದಲ್ಲಿ ಬಳೆ ಅಂಗಡಿ ಇಟ್ಟಿರುವ ರೇವಮ್ಮ ಹಳೆಯ ಗಿರಾಕಿಗಳನ್ನು ಎಂದೂ ಅಳತೆ ಕೇಳಿದವಳಲ್ಲ. ಅಳತೆ ಕೇಳಿ ಮಾರುವವರು ಬಕೆಟ್ಟು ಮಾರಲಿ ಎನ್ನುವಳು. ಒಮ್ಮೆ ಹಿಡಿದು ಬಳೆ ತೊಡಿಸಿದ ಕೈ ಅವಳಿಗೆ ಮರೆಯುತ್ತಿರಲಿಲ್ಲ. ಗೌರಿ ಹಬ್ಬ ಹತ್ತಿರವಾದರೆ ಒಬ್ಬೊಬ್ಬರ ಬಳೆಯನ್ನೂ ಕಾಗದದಲ್ಲಿ ಸುತ್ತಿ, ಹೆಸರು ಬರೆದು ತೆಗೆದಿಡುವಳು.

ದಂಡಿಗನಹಳ್ಳಿಯ ಸುಬ್ಬಮ್ಮನದು ಕಡುಹಸಿರು, ಎರಡು-ಎಂಟರ ದೊಡ್ಡ ಅಳತೆ. ಹೊಲದ ಕೆಲಸಕ್ಕೆ ಗಟ್ಟಿಯಾದ ಆ ಕೈಗೆ ಸೋಪು ಹಚ್ಚಿಯೇ ತೊಡಿಸಬೇಕಿತ್ತು. "ಮೆತ್ಗೆ ಕಣಕ್ಕಾ!" ಎಂದು ಸುಬ್ಬಮ್ಮ ನಗುತ್ತ ಕೂಗುತ್ತಿದ್ದಳು. ಎರಡು ಹಬ್ಬದಿಂದ ಅವಳ ಸುಳಿವಿಲ್ಲ. ಅವಳ ಪೊಟ್ಟಣ ಹಾಗೇ ಕೂತಿತ್ತು. ಆ ಕಡೆಯ ಬಸ್ಸು ಬಂದು ನಿಂತಾಗಲೆಲ್ಲ ರೇವಮ್ಮನ ಕತ್ತು ಹೊರಳುತ್ತಿತ್ತು.

ಈ ಸಲ ಬಸ್ಸಿಳಿದು ಬಂದದ್ದು ಸುಬ್ಬಮ್ಮನ ಮಗಳು ನಿಸರ್ಗ.

"ಅಮ್ಮಂಗೆ ಬಳೆ ಬೇಕಿತ್ತು ಆಂಟಿ. ಎರಡು-ನಾಲ್ಕರ ಅಳತೇದು ಕೊಡಿ."

ರೇವಮ್ಮನಿಗೆ ರೇಗಿತು. "ನಿಮ್ಮವ್ವನ ಅಳತೆ ನಂಗೇ ಏಳ್ಕೊಡ್ತೀಯಾ? ಎರಡು-ಎಂಟು ಕಣಮ್ಮಿ!" ಎನ್ನುತ್ತ ಪೊಟ್ಟಣ ಬಿಚ್ಚಿಟ್ಟಳು.

ನಿಸರ್ಗ ತಲೆ ತಗ್ಗಿಸಿದಳು. "ಇವು ಈಗ ಕೈಲಿ ನಿಲ್ಲಾಕಿಲ್ಲ ಆಂಟಿ. ಉಸಾರಿಲ್ದೆ ಎರಡು ವರ್ಷದಿಂದ ಮಲ್ಗವ್ಳೆ. ರೇವಕ್ಕನ ಅಂಗ್ಡೀದೇ ಬೇಕು ಅಂದ್ಲು."

ರೇವಮ್ಮ ಎರಡು-ನಾಲ್ಕರಲ್ಲಿ ಅದೇ ಹಸಿರನ್ನು ಹುಡುಕಿ, ಒಂದೊಂದು ಬಳೆಯನ್ನೂ ಸೆರಗಿನಿಂದ ಒರೆಸಿ ಕಟ್ಟಿಕೊಟ್ಟಳು. ಆಮೇಲೆ ಹಳೆಯ ಪೊಟ್ಟಣವನ್ನು ಮತ್ತೆ ಸುತ್ತಿ, ಅದರ ಜಾಗದಲ್ಲೇ ಇಟ್ಟಳು.

"ಇದು ಇಲ್ಲೇ ಇರ್ತದೆ ಅಂತ ನಿಮ್ಮವ್ವಂಗೆ ಏಳು," ಎಂದಳು. "ಸೋಪ್ ಅಚ್ಚಿ ನಾನೇ ತೊಡುಸ್ಬೇಕು."